ಚಿಹ್ನೆ ಬಂದ ಮೇಲೆ: ಬೆಳಗಾವಿ ಪಾಲಿಕೆ ಮತ್ತು ಪಕ್ಷ ರಾಜಕಾರಣ

2021ರ ಸೆಪ್ಟೆಂಬರ್ 6ರಂದು ಬೆಳಗಾವಿ ಮಹಾನಗರ ಪಾಲಿಕೆಯ 58 ವಾರ್ಡ್‌ಗಳ ಎಣಿಕೆ ಮುಗಿದಾಗ ಬಿಜೆಪಿ 35, ಕಾಂಗ್ರೆಸ್ 10, ಪಕ್ಷೇತರರು 8, ಮಹಾರಾಷ್ಟ್ರ ಏಕೀಕರಣ ಸಮಿತಿ (ಎಂಇಎಸ್) 4 ಮತ್ತು ಎಐಎಂಐಎಂ 1 ಸ್ಥಾನ ಗೆದ್ದಿದ್ದವು. ದಶಕಗಳ ಕಾಲ ಪಾಲಿಕೆಯನ್ನು ತನ್ನ ಕೋಟೆಯೆಂದೇ ಭಾವಿಸಿದ್ದ ಎಂಇಎಸ್ ನಾಲ್ಕಕ್ಕೆ ಇಳಿದದ್ದು ಆ ದಿನದ ದೊಡ್ಡ ಸುದ್ದಿ. ಗಣೇಶ ಚತುರ್ಥಿಗೆ ನಾಲ್ಕೇ ದಿನ ಉಳಿದಿತ್ತು. ಮಂಟಪ ಕಟ್ಟುವ ಗಡಿಬಿಡಿಯಲ್ಲಿದ್ದ ಗಲ್ಲಿಗಳಲ್ಲಿ ಗುಲಾಲು ಹಾರಿತು. ಬೆಂಗಳೂರಿನಲ್ಲಿ ಅದನ್ನು ಕನ್ನಡದ ಗೆಲುವು ಎಂದು ಬಣ್ಣಿಸಲಾಯಿತು. ಮುಂಬೈಯಲ್ಲಿ ಶಿವಸೇನೆ ಅದನ್ನು ಮರಾಠಿ ಮನುಷ್ಯನ ಸೋಲು ಎಂದು ಕಂಡಿತು. ಮಹಾರಾಷ್ಟ್ರದ ಬಿಜೆಪಿ ನಾಯಕರು ಸಂಭ್ರಮಿಸಿದ್ದಕ್ಕೆ ಶಿವಸೇನೆಯ ಸಂಜಯ್ ರಾವುತ್ ಕಿಡಿಕಾರಿದರು.

ಈ ಎರಡೂ ಓದು ನನಗೆ ತಪ್ಪೆನಿಸುತ್ತವೆ. ಅದೇ ವರ್ಷದ ಏಪ್ರಿಲ್‌ನಲ್ಲಿ ನಡೆದ ಲೋಕಸಭಾ ಉಪಚುನಾವಣೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಸುರೇಶ ಅಂಗಡಿ ಅವರ ನಿಧನದಿಂದ ತೆರವಾದ ಆ ಸ್ಥಾನದಲ್ಲಿ ಅವರ ಪತ್ನಿ, ಬಿಜೆಪಿಯ ಮಂಗಲಾ ಅಂಗಡಿ ಕಾಂಗ್ರೆಸ್ಸಿನ ಸತೀಶ ಜಾರಕಿಹೊಳಿ ವಿರುದ್ಧ ಗೆದ್ದದ್ದು ಐದು ಸಾವಿರಕ್ಕೆ ಸ್ವಲ್ಪ ಹೆಚ್ಚಿನ ಮತಗಳಿಂದ. ಎಂಇಎಸ್ ನಿಲ್ಲಿಸಿದ್ದ ತರುಣ ಶುಭಂ ಶೆಳಕೆ ಪಡೆದದ್ದು 1.17 ಲಕ್ಷ ಮತ. ಲೋಕಸಭಾ ಕ್ಷೇತ್ರ ನಗರಕ್ಕಿಂತ ಬಹಳ ದೊಡ್ಡದು, ಸುತ್ತಲಿನ ಮರಾಠಿ ಹಳ್ಳಿಗಳ ಮತವೂ ಅದರಲ್ಲಿ ಸೇರಿದೆ, ನಿಜ. ಆದರೂ ನಗರದ ಮರಾಠಿ ಬಡಾವಣೆಗಳ ಪಾಲು ಅದರಲ್ಲಿ ಸಣ್ಣದಿರಲಿಲ್ಲ. ಹಾಗೆ ಭಾಷೆಯ ಹೆಸರಿನಲ್ಲಿ ಮತ ಹಾಕಿದವರು ಐದು ತಿಂಗಳಲ್ಲಿ ಭಾಷೆಯನ್ನು ಮರೆತುಬಿಟ್ಟರೇ? ಹಾಗೇನೂ ಆಗಲಿಲ್ಲ. ದೆಹಲಿಗೆ ಕಳಿಸುವ ಮತದಲ್ಲಿ ತಮ್ಮ ಅಸಮಾಧಾನ ತೋರಿಸಿದವರೇ ಗಟಾರು, ನಳ, ರಸ್ತೆಯ ಮತ ಬಂದಾಗ ಅಧಿಕಾರದಲ್ಲಿರುವ ಪಕ್ಷದ ಕಡೆ ನೋಡಿದರು. ಆಗ ರಾಜ್ಯದಲ್ಲೂ ಕೇಂದ್ರದಲ್ಲೂ ಬಿಜೆಪಿ ಇತ್ತು, ನಗರದ ಎರಡೂ ಕ್ಷೇತ್ರಗಳಲ್ಲಿ ಬಿಜೆಪಿ ಶಾಸಕರಿದ್ದರು. ಇದು ಲೆಕ್ಕಾಚಾರದ ಮತ. ಮತದಾರನ ಈ ಲೆಕ್ಕ ಬೆಳಗಾವಿಯ ಪಕ್ಷಗಳನ್ನು ಏನು ಮಾಡಿತು, ಅವನಿಗೆ ಅದರಿಂದ ಏನು ದಕ್ಕಿತು ಎಂಬುದೇ ಮುಖ್ಯ ಪ್ರಶ್ನೆ.

ಚಿಹ್ನೆ ಇಲ್ಲದ ಕಾಲ

2021ರ ತನಕ ಬೆಳಗಾವಿ ಪಾಲಿಕೆಗೆ ರಾಷ್ಟ್ರೀಯ ಪಕ್ಷಗಳು ತಮ್ಮ ಚಿಹ್ನೆಯ ಮೇಲೆ ಸ್ಪರ್ಧಿಸಿರಲಿಲ್ಲ. ಕಾಂಗ್ರೆಸ್ಸಿಗನೂ ಬಿಜೆಪಿಯವನೂ ಎಂಇಎಸ್‌ನವನೂ ಚುನಾವಣಾ ಆಯೋಗದ ಮುಕ್ತ ಚಿಹ್ನೆ ಹಿಡಿದು, ದಾಖಲೆಯಲ್ಲಿ ಪಕ್ಷೇತರನಾಗಿಯೇ ನಿಲ್ಲುತ್ತಿದ್ದ. ಗೆದ್ದ ಮೇಲೆ ಸಭಾಗೃಹದಲ್ಲಿ ಗುಂಪು ಕಟ್ಟಿಕೊಳ್ಳುವುದು, ಆ ಗುಂಪಿಗೆ ಭಾಷೆಯ ಹೆಸರು. ಒಂದು ಕಡೆ ಮರಾಠಿ, ಇನ್ನೊಂದು ಕಡೆ ಕನ್ನಡ ಮತ್ತು ಉರ್ದು ಭಾಷಿಕರ ಕೂಟ. 2013ರಲ್ಲಿ ಆಯ್ಕೆಯಾದ ಸಭೆಯೂ ಹೀಗೇ ಇತ್ತು. ಮರಾಠಿ ಗುಂಪಿಗೆ ಬಹುಮತ, ಕನ್ನಡ–ಉರ್ದು ಗುಂಪು ವಿರೋಧದಲ್ಲಿ.

ಇದರ ಬೇರು 1956ರ ನವೆಂಬರ್ 1ಕ್ಕೆ ಹೋಗುತ್ತದೆ. ಮುಂಬೈ ರಾಜ್ಯದಲ್ಲಿದ್ದ ಬೆಳಗಾವಿ ಅಂದು ಮೈಸೂರು ರಾಜ್ಯಕ್ಕೆ ಸೇರಿತು. ಅದಕ್ಕೂ ಮೊದಲೇ ಹುಟ್ಟಿದ್ದ ಏಕೀಕರಣ ಸಮಿತಿ ಅಂದಿನಿಂದ ರಾಜ್ಯೋತ್ಸವದ ದಿನವನ್ನು ಕರಾಳ ದಿನವೆಂದು ಆಚರಿಸುತ್ತ ಬಂದಿದೆ. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಬೆಳಗಾವಿ ನಗರ ಮೈಸೂರಿನಲ್ಲೇ ಉಳಿಯಬೇಕೆಂದು ವರದಿ ಕೊಟ್ಟಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಹೀಗೆ ರಾಜ್ಯ ರಾಜ್ಯಗಳ ನಡುವಿನ ಜಗಳ ನಗರ ಸಭಾಗೃಹದ ನಿತ್ಯದ ರಾಜಕಾರಣವಾಗಿ ಕೂತುಬಿಟ್ಟಿತು.

ಆ ರಾಜಕಾರಣಕ್ಕೆ ತನ್ನದೇ ಅಡಿಪಾಯವಿತ್ತು ಎಂಬುದನ್ನು ಒಪ್ಪಬೇಕು. ಶಹಾಪುರ, ಅನಗೋಳ, ವಡಗಾವಿಯಂಥ ಹಳೆಯ ಪೇಟೆಗಳಲ್ಲಿ ಗಲ್ಲಿಯ ಪಂಚರು, ಯುವಕ ಮಂಡಳ, ಗಣೇಶೋತ್ಸವ ಮಂಡಳಗಳೇ ರಾಜಕೀಯದ ಮೊದಲ ಶಾಲೆ. ಬೆಳಗಾವಿಯ ಸಾರ್ವಜನಿಕ ಗಣೇಶೋತ್ಸವಕ್ಕೆ ಲೋಕಮಾನ್ಯ ಟಿಳಕರ ಕಾಲದಿಂದ, 1905ರಿಂದ, ನಂಟಿದೆ. ವರ್ಗಣಿ ಎತ್ತಿ ಲೆಕ್ಕ ಒಪ್ಪಿಸಿದವನು, ಶಿವಜಯಂತಿಯ ಚಿತ್ರರಥದ ಮುಂದೆ ನಿಂತವನು, ಯಾರ ಮನೆಯಲ್ಲಿ ಸಾವಾದರೂ ರಾತ್ರಿ ಓಡಿಬಂದವನು ಮುಂದೊಂದು ದಿನ ನಗರಸೇವಕನಾಗುತ್ತಿದ್ದ. ಪಂಚರು ಕೂತು ‘ಈ ಸಲ ಇವನು’ ಎಂದರೆ ಗಲ್ಲಿ ಬಹುಮಟ್ಟಿಗೆ ಒಪ್ಪುತ್ತಿತ್ತು. ಟಿಕೆಟ್ಟಿಗಾಗಿ ಬೆಂಗಳೂರಿಗೆ ಹೋಗುವ ಮಾತೇ ಇರಲಿಲ್ಲ. ಕನ್ನಡಿಗರು ಹೆಚ್ಚಿರುವ ಹೊಸ ಬಡಾವಣೆಗಳಲ್ಲೂ ಜಾತಿ, ಮಠ, ನೌಕರರ ಸಂಘಗಳ ಮೂಲಕ ಸರಿಸುಮಾರು ಇದೇ ಕೆಲಸ ನಡೆಯುತ್ತಿತ್ತು.

ಆದರೆ ಸಭಾಗೃಹದೊಳಗೆ ಹೋದ ಮೇಲೆ ಈ ಗಲ್ಲಿಯ ಹುರಿಯಾಳುಗಳು ಊರಿನ ಕೆಲಸವನ್ನು ಗಡಿಯ ಕೆಲಸಕ್ಕೆ ಒತ್ತೆಯಿಟ್ಟರು. 2005ರಲ್ಲಿ ವಿಜಯ ಮೋರೆ ಮೇಯರ್ ಆಗಿದ್ದಾಗ ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂಬ ಗೊತ್ತುವಳಿ ಪಾಸಾಯಿತು. ಬೆಂಗಳೂರಿಗೆ ಬಂದ ಮೇಯರ್ ಮುಖಕ್ಕೆ ಕನ್ನಡ ಕಾರ್ಯಕರ್ತರು ಮಸಿ ಬಳಿದರು, ಸರ್ಕಾರ ಪಾಲಿಕೆಯನ್ನೇ ವಿಸರ್ಜಿಸಿತು. ಮಸಿ ಬಳಿದದ್ದನ್ನು ನಾನು ಸಮರ್ಥಿಸಲಾರೆ. ಕರ್ನಾಟಕದ ಕಾನೂನಿನಡಿ ಹುಟ್ಟಿದ ಸಂಸ್ಥೆ ಆ ರಾಜ್ಯದಿಂದಲೇ ಹೊರಹೋಗುವ ಗೊತ್ತುವಳಿ ಮಾಡಿದ್ದನ್ನೂ ಸಮರ್ಥಿಸಲಾರೆ. 2011ರಲ್ಲಿ ಮೇಯರ್ ಮತ್ತು ಉಪಮೇಯರ್ ಕರಾಳ ದಿನದ ಮೆರವಣಿಗೆಗೆ ಹೋದರು; ಪಾಲಿಕೆ ಮತ್ತೆ ಸೂಪರ್‌ಸೀಡ್ ಆಯಿತು. ಎರಡೂ ಸಲ ಅಧಿಕಾರ ಹೋದದ್ದು ಆಡಳಿತಾಧಿಕಾರಿಯ ಕೈಗೆ. ಮತ ಹಾಕಿದ ಮರಾಠಿ ಭಾಷಿಕನಿಗೂ ಕನ್ನಡಿಗನಿಗೂ ಹೇಳಿಕೊಳ್ಳಲು ಒಬ್ಬ ಸದಸ್ಯ ಇಲ್ಲದಾಯಿತು.

ಆ ಗುಂಪುಗಳ ಒಳಗೆ ಬಿರುಕುಗಳೂ ಇದ್ದವು, ಚಮತ್ಕಾರಗಳೂ ಇದ್ದವು. 1990ರ ದಶಕದ ಆರಂಭದಲ್ಲಿ ಸಿದ್ದನಗೌಡ ಪಾಟೀಲರು ಬೆಳಗಾವಿಯ ಮೊದಲ ಕನ್ನಡಿಗ ಮೇಯರ್ ಆದರು. 2018ರಲ್ಲಿ ಮೇಯರ್ ಸ್ಥಾನ ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಬಹುಮತವಿದ್ದ ಮರಾಠಿ ಗುಂಪಿನಲ್ಲಿ ಆ ವರ್ಗದ ಸದಸ್ಯರೇ ಇರಲಿಲ್ಲ. ಕನ್ನಡ ಗುಂಪಿನ ಬಸಪ್ಪ ಚಿಕ್ಕಲದಿನ್ನಿ ಮೇಯರ್ ಗೌನು ತೊಟ್ಟರು. ಹಲವು ವರ್ಷ ಕನ್ನಡ ಸಂಘಟನೆಗಳು ಹೋರಾಡಿ ಮಾಡಲಾಗದ್ದನ್ನು ಮೀಸಲಾತಿಯ ಒಂದು ಪಟ್ಟಿ ಮಾಡಿ ತೋರಿಸಿತು.

ಟಿಕೆಟ್ಟು ಕೊಡುವ ಕೈ

2013ರಲ್ಲಿ ಆಯ್ಕೆಯಾದ ಸಭೆಯ ಅವಧಿ 2019ರ ಮಾರ್ಚ್‌ನಲ್ಲಿ ಮುಗಿಯಿತು. ವಾರ್ಡ್ ಪುನರ್ವಿಂಗಡಣೆ, ಮೀಸಲಾತಿಯ ತಕರಾರು ಕೋರ್ಟಿಗೆ ಹೋಗಿದ್ದವು. ಮೇಲೆ ಕೋವಿಡ್ ಬಂತು. ಕಡೆಗೆ 2021ರ ಸೆಪ್ಟೆಂಬರ್ 3ರಂದು ಹುಬ್ಬಳ್ಳಿ–ಧಾರವಾಡ, ಕಲಬುರಗಿಗಳ ಜೊತೆಗೆ ಮತದಾನ ನಡೆದಾಗ ಬಿಜೆಪಿ ಕಮಲದ ಚಿಹ್ನೆಯನ್ನೇ ಕಣಕ್ಕಿಳಿಸಿತು. ಕಾಂಗ್ರೆಸ್ ಕೂಡ ಕೈ ಗುರುತು ಕೊಟ್ಟಿತು.

ಬಿಜೆಪಿಯ ಜಾಣ್ಮೆ ಇದ್ದದ್ದು ಅಭ್ಯರ್ಥಿಗಳ ಆಯ್ಕೆಯಲ್ಲಿ. ಬೆಳಗಾವಿ ದಕ್ಷಿಣದಲ್ಲಿ ಶಾಸಕ ಅಭಯ ಪಾಟೀಲ, ಉತ್ತರದಲ್ಲಿ ಮರಾಠಾ ಸಮುದಾಯದವರೇ ಆದ ಶಾಸಕ ಅನಿಲ ಬೆನಕೆ ಸೇರಿ ಮರಾಠಿ ಬಡಾವಣೆಗಳಿಗೆ ಮರಾಠಿ ಭಾಷಿಕರನ್ನೇ ಆರಿಸಿದರು. ಯುವಕ ಮಂಡಳ, ಗಣೇಶ ಮಂಡಳಗಳಲ್ಲಿ ಹೆಸರು ಮಾಡಿದ ಹುಡುಗರಿಗೆ ಟಿಕೆಟ್ ಸಿಕ್ಕಿತು. ಮರಾಠಿ ಮತದಾರ ತನ್ನ ಭಾಷೆಯ ಪ್ರತಿನಿಧಿಯನ್ನು ಬಿಟ್ಟುಕೊಡಬೇಕಾಗಲಿಲ್ಲ. ಹಿಂದುತ್ವದ ಹೆಸರಿನಲ್ಲಿ ಅವನಿಗೆ ಮರಾಠಿಗಿಂತ ದೊಡ್ಡದೊಂದು ಸೂರು ಕಾಣಿಸಿತು. ಎಂಇಎಸ್ ತಾನೇ ಕಟ್ಟಿದ ಮನೆಯ ತಳಪಾಯವನ್ನು ಬಿಜೆಪಿ ಒಂದು ಇಟ್ಟಿಗೆಯೂ ಒಡೆಯದೆ ತನ್ನದಾಗಿಸಿಕೊಂಡಿತು. ಇತ್ತ ಎಂಇಎಸ್‌ನಲ್ಲಿ ಬಣಗಳ ಕಿತ್ತಾಟ ಹಳೆಯದು. 2018ರ ವಿಧಾನಸಭಾ ಚುನಾವಣೆಯಲ್ಲೇ ಬಣಗಳು ಪರಸ್ಪರರ ವಿರುದ್ಧ ಅಭ್ಯರ್ಥಿ ನಿಲ್ಲಿಸಿ ಸೋತಿದ್ದವು. ಪಾಲಿಕೆಯಲ್ಲೂ ಹಲವು ಕಡೆ ಸಮಿತಿಯ ಹೆಸರು ಹೇಳಿಕೊಂಡವರೇ ಎದುರುಬದುರಾದರು. ಚಿಹ್ನೆಯಿಲ್ಲದ ಕಾಲದಲ್ಲಿ ಇದು ನಡೆಯುತ್ತಿತ್ತು, ಗೆದ್ದವನು ಹೇಗೂ ಗುಂಪಿಗೆ ಬರುತ್ತಿದ್ದ. ಎದುರಿಗೆ ಒಂದೇ ಚಿಹ್ನೆ, ಒಬ್ಬನೇ ಅಧಿಕೃತ ಅಭ್ಯರ್ಥಿ ನಿಂತಾಗ ಹಂಚಿಹೋದ ಮತ ಹಂಚಿಯೇ ಹೋಯಿತು.

ಚಿಹ್ನೆಯಿಂದ ಇನ್ನೊಂದು ಬದಲಾವಣೆ ಆಯಿತು. ಅದರ ಬಗ್ಗೆ ಫಲಿತಾಂಶದ ದಿನ ಯಾರೂ ಹೆಚ್ಚಾಗಿ ಮಾತಾಡಲಿಲ್ಲ. ಕರ್ನಾಟಕದಲ್ಲಿ ಸ್ಥಳೀಯ ಸಂಸ್ಥೆಗಳಿಗೂ ಪಕ್ಷಾಂತರ ನಿಷೇಧ ಕಾಯ್ದೆ ಇದೆ, 1987ರದು. ಪಕ್ಷದ ಚಿಹ್ನೆಯ ಮೇಲೆ ಗೆದ್ದವನಿಗೆ ವಿಪ್ ಅನ್ವಯಿಸುತ್ತದೆ, ಮೀರಿದರೆ ಸದಸ್ಯತ್ವ ಹೋಗುತ್ತದೆ. ಹಿಂದೆ ಗಲ್ಲಿಯ ಪಂಚರಿಗೆ ಉತ್ತರ ಹೇಳುತ್ತಿದ್ದ ನಗರಸೇವಕ ಈಗ ಟಿಕೆಟ್ ಕೊಟ್ಟ ಶಾಸಕರಿಗೆ ಉತ್ತರ ಹೇಳಬೇಕು. ಮೇಯರ್ ಯಾರು, ಸ್ಥಾಯಿ ಸಮಿತಿಯ ಅಧ್ಯಕ್ಷರು ಯಾರು ಎಂಬುದು ಸಭಾಗೃಹದ ಚರ್ಚೆಯಲ್ಲಿ ತೀರ್ಮಾನವಾಗುವುದಿಲ್ಲ. ಹೆಸರು ಬರೆದ ಚೀಟಿ ಅಂದು ಬೆಳಿಗ್ಗೆ ಪಕ್ಷದ ಕಚೇರಿಯಿಂದ ಬರುತ್ತದೆ. ಗುಂಪುಗಳ ಕಾಲದ ಕುದುರೆ ವ್ಯಾಪಾರ ನಿಂತಿದೆ, ಅದು ಒಳ್ಳೆಯದೇ. ಆದರೆ ವಾರ್ಡಿನ ಪರವಾಗಿ ತನ್ನ ಪಕ್ಷದ ಶಾಸಕನನ್ನೇ ಎದುರಿಸುವ ಸದಸ್ಯನೂ ಅದರ ಜೊತೆಗೇ ಕಾಣೆಯಾಗಿದ್ದಾನೆ. ಈ ಎರಡನೆಯದು ನಗರಕ್ಕೆ ದೊಡ್ಡ ನಷ್ಟ.

ಗೆದ್ದವರು ಕಾದ ಹದಿನೇಳು ತಿಂಗಳು

58ರಲ್ಲಿ 35 ಗೆದ್ದ ಪಕ್ಷಕ್ಕೆ ಮೇಯರ್ ಆರಿಸಲು ಒಂದು ವಾರ ಸಾಕು. ಬೆಳಗಾವಿಗೆ ಮೇಯರ್ ಬಂದದ್ದು 2023ರ ಫೆಬ್ರುವರಿ 6ರಂದು. ಹದಿನೇಳು ತಿಂಗಳ ಕಾಲ ಗೆದ್ದವರಿಗೆ ಪ್ರಮಾಣಪತ್ರವಿತ್ತು, ಸಭೆ ಇರಲಿಲ್ಲ. ಮೇಯರ್, ಉಪಮೇಯರ್ ಮೀಸಲಾತಿ ಪಟ್ಟಿಯ ತಕರಾರು ಕಾರಣ ಎಂದರು. ಅದು ನಿಜವೇ, ಕಲಬುರಗಿಯಲ್ಲೂ ಹಾಗೇ ಆಯಿತು. ಆದರೆ ಆ ಪಟ್ಟಿ ಮಾಡುವುದು ರಾಜ್ಯ ಸರ್ಕಾರ, ಆ ಸರ್ಕಾರ ಗೆದ್ದ ಪಕ್ಷದ್ದೇ. ಅವಸರ ಯಾರಿಗೂ ಇರಲಿಲ್ಲ, ಏಕೆಂದರೆ ಸಭೆ ಇಲ್ಲದಿದ್ದರೆ ಅನುದಾನದ ಕಾಮಗಾರಿಗಳು ಶಾಸಕರ ಮತ್ತು ಅಧಿಕಾರಿಗಳ ಮಟ್ಟದಲ್ಲೇ ತೀರ್ಮಾನವಾಗುತ್ತವೆ. ಹಿಂದಿನ ಸಲವೂ ಕಥೆ ಬೇರೆಯಾಗಿರಲಿಲ್ಲ: 2013ರ ಮಾರ್ಚ್‌ನಲ್ಲಿ ಆಯ್ಕೆಯಾದ ಸಭೆಗೆ ಮೇಯರ್ ಸಿಕ್ಕಿದ್ದು 2014ರ ಮಾರ್ಚ್‌ನಲ್ಲಿ. ಅಂದರೆ ಕಾಂಗ್ರೆಸ್ ಸರ್ಕಾರದ ಕಾಲದಲ್ಲೂ ಇದೇ ಆಗಿತ್ತು.

ಕಡೆಗೂ ಸಭೆ ಸೇರಿದಾಗ ಶೋಭಾ ಸೋಮನಾಚೆ ಅವಿರೋಧವಾಗಿ ಮೇಯರ್ ಆದರು, ರೇಷ್ಮಾ ಪಾಟೀಲ ಉಪಮೇಯರ್. ಇಬ್ಬರೂ ಬಿಜೆಪಿ, ಇಬ್ಬರೂ ಮರಾಠಿ ಭಾಷಿಕರು. ವಿಧಾನಸಭಾ ಚುನಾವಣೆಗೆ ಮೂರೇ ತಿಂಗಳಿತ್ತು, ಎಂಇಎಸ್ ಕಡೆಯಿಂದ ಬಂದ ಮತವನ್ನು ಉಳಿಸಿಕೊಳ್ಳುವ ಅಗತ್ಯ ಪಕ್ಷಕ್ಕಿತ್ತು. 2021ರಲ್ಲಿ ಕನ್ನಡದ ಗೆಲುವೆಂದು ಸಂಭ್ರಮಿಸಿದವರಿಗೆ ಇದು ಕಸಿವಿಸಿ ತಂದಿತು. ಮರಾಠಿ ಮಾತಾಡುವ ಹೆಣ್ಣುಮಗಳೊಬ್ಬಳು ಬೆಳಗಾವಿಯ ಮೇಯರ್ ಆಗಿ ಕರ್ನಾಟಕದ ಪಾಲಿಕೆಯನ್ನು ನಡೆಸುವುದರಲ್ಲಿ ಕನ್ನಡಕ್ಕೆ ಯಾವ ಸೋಲೂ ಇಲ್ಲ ಎಂದೇ ನನ್ನ ಅಭಿಪ್ರಾಯ. ಅವರು ಕರ್ನಾಟಕದ ಕಾನೂನನ್ನು ಒಪ್ಪಿ ಆ ಕುರ್ಚಿಯಲ್ಲಿ ಕೂತರು. ಗಡಿ ಗೊತ್ತುವಳಿಯ ದಿನಗಳಿಗೆ ಹೋಲಿಸಿದರೆ ಇದು ಎಷ್ಟೋ ದೊಡ್ಡ ಬದಲಾವಣೆ. ಚಿಹ್ನೆಯ ರಾಜಕಾರಣದಿಂದ ಬೆಳಗಾವಿಗೆ ಆದ ಒಳ್ಳೆಯದನ್ನು ಹೆಸರಿಸು ಎಂದರೆ ನಾನು ಇದನ್ನೇ ಹೆಸರಿಸುತ್ತೇನೆ. ಸಭೆಯ ಕಾರ್ಯಸೂಚಿಯನ್ನು ಮರಾಠಿಯಲ್ಲೂ ಕೊಡಿ ಎಂಬ ಕೂಗು ಈಗಲೂ ಏಳುತ್ತದೆ, ಕನ್ನಡ ಸಂಘಟನೆಗಳು ಈಗಲೂ ವಿರೋಧಿಸುತ್ತವೆ. ಆದರೆ ಪಾಲಿಕೆ ಉರುಳಿಬೀಳುವ ಮಟ್ಟಕ್ಕೆ ಆ ಜಗಳ ಹೋಗುವುದಿಲ್ಲ.

ಬೇರೆ ನಗರಗಳ ಕನ್ನಡಿ

ಬೆಳಗಾವಿಯ ಕಥೆಯಲ್ಲಿ ಭಾಷೆ ಒಂದು ವಿಶೇಷ. ಮಿಕ್ಕದ್ದೆಲ್ಲ ರಾಜ್ಯದ ಉಳಿದ ಪಾಲಿಕೆಗಳಲ್ಲೂ ಇದೆ. ಅದೇ ದಿನ ಮತ ಹಾಕಿದ ಹುಬ್ಬಳ್ಳಿ–ಧಾರವಾಡದ 82 ವಾರ್ಡ್‌ಗಳಲ್ಲಿ ಬಿಜೆಪಿ 39, ಕಾಂಗ್ರೆಸ್ 33 ಗೆದ್ದವು. ಅಲ್ಲಿ ಬಿಜೆಪಿಯ ಹಿಡಿತ ಹಳೆಯದು, ಮೇಯರ್ ಅದರವರೇ ಆದರು. ಕಲಬುರಗಿಯ 55ರಲ್ಲಿ ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಬಹುಮತಕ್ಕೆ ಒಂದೇ ಸ್ಥಾನ ಕಡಿಮೆ ಇದ್ದ ಕಾಂಗ್ರೆಸ್ ಅಧಿಕಾರ ಹಿಡಿಯಲಾಗಲಿಲ್ಲ. 2023ರ ಮಾರ್ಚ್‌ನಲ್ಲಿ ಬಿಜೆಪಿಯ ವಿಶಾಲ ದರ್ಗಿ ಮೇಯರ್ ಆದರು. ಜೆಡಿಎಸ್ ಸದಸ್ಯರ ಬೆಂಬಲ ಒಂದು ಕಡೆ, ಮತದಾನದ ಹಕ್ಕುಳ್ಳ ಶಾಸಕ, ಸಂಸದ, ವಿಧಾನ ಪರಿಷತ್ ಸದಸ್ಯರ ಲೆಕ್ಕ ಇನ್ನೊಂದು ಕಡೆ.

ಈ ಎರಡನೆಯ ಲೆಕ್ಕದ ಅತ್ಯಂತ ಕಟುವಾದ ಉದಾಹರಣೆ ಬೆಂಗಳೂರಿನದು. 2015ರ ಆಗಸ್ಟ್‌ನಲ್ಲಿ ಬಿಬಿಎಂಪಿಯ 198 ವಾರ್ಡ್‌ಗಳಲ್ಲಿ ಬಿಜೆಪಿ 100 ಗೆದ್ದಿತು. ಚುನಾಯಿತ ಸದಸ್ಯರನ್ನಷ್ಟೇ ಎಣಿಸಿದರೆ ಅದು ಸ್ವಂತ ಬಹುಮತ. ಕಾಂಗ್ರೆಸ್ 76, ಜೆಡಿಎಸ್ 14, ಇತರರು 8. ಸೆಪ್ಟೆಂಬರ್‌ನಲ್ಲಿ ಮೇಯರ್ ಆದವರು ಕಾಂಗ್ರೆಸ್ಸಿನ ಬಿ.ಎನ್. ಮಂಜುನಾಥ ರೆಡ್ಡಿ, ಉಪಮೇಯರ್ ಜೆಡಿಎಸ್‌ನ ಹೇಮಲತಾ. ಪಕ್ಷೇತರರು ಮೈತ್ರಿಕೂಟದ ಕಡೆ ವಾಲಿದರು, ಶಾಸಕರ ಮತ್ತು ಪರಿಷತ್ ಸದಸ್ಯರ ಮತ ಉಳಿದದ್ದನ್ನು ಮಾಡಿತು. ವಾರ್ಡಿನ ಮತದಾರ ಆ ಮತಗಳನ್ನು ಪಾಲಿಕೆಗೆಂದು ಕೊಟ್ಟಿರಲಿಲ್ಲ. 2018ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್–ಜೆಡಿಎಸ್ ಸರ್ಕಾರ ಬಂದಾಗ ಅದೊಂದು ಹೊಸ ಪ್ರಯೋಗವೆಂಬಂತೆ ಮಾತಾಡಿದರು. ಹಡ್ಸನ್ ವೃತ್ತದ ಪಾಲಿಕೆ ಕಟ್ಟಡದಲ್ಲಿ ಅದೇ ಕೂಡಿಕೆ ಮೂರು ವರ್ಷ ಓಡಿತ್ತು. 2019ರ ಜುಲೈನಲ್ಲಿ ರಾಜ್ಯದ ಮೈತ್ರಿ ಸರ್ಕಾರ ಬಿತ್ತು, ಅಕ್ಟೋಬರ್‌ನಲ್ಲಿ ಬಿಜೆಪಿಯ ಗೌತಮ್ ಕುಮಾರ್ ಮೇಯರ್ ಆದರು. ನಾಲ್ಕು ವರ್ಷದಲ್ಲಿ ನಗರದ ಮತದಾರನನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ಕೇಳುವುದನ್ನೇ ನಿಲ್ಲಿಸಿದರು. 2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿಯ ಅವಧಿ ಮುಗಿಯಿತು. 198 ವಾರ್ಡ್‌ಗಳಿಗೇ ಚುನಾವಣೆ ಮಾಡಿ ಎಂದು ಆ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ವಾರ್ಡ್‌ಗಳು 243 ಆದವು. ಸರ್ಕಾರ ಬದಲಾದ ಮೇಲೆ 225 ಆದವು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದು 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾದವು. ಒಟ್ಟು ವಾರ್ಡ್‌ಗಳು 369 ಎಂದಾಯಿತು. ಪ್ರತಿ ನಕ್ಷೆಗೂ ಆಕ್ಷೇಪಣೆ, ಪ್ರತಿ ಮೀಸಲಾತಿ ಪಟ್ಟಿಗೂ ರಿಟ್ ಅರ್ಜಿ. 2025ರ ವರ್ಷ ಮುಗಿದಾಗಲೂ ಮತದಾನ ನಡೆದಿರಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 74ನೇ ತಿದ್ದುಪಡಿ 1993ರಿಂದ ಹೇಳುತ್ತಲೇ ಇದೆ. ಬಿಜೆಪಿ, ಕಾಂಗ್ರೆಸ್ ಎರಡೂ ಸರ್ಕಾರಗಳು ಇದರಲ್ಲಿ ಸಮಾನ ಪಾಲುದಾರರು.

ಇದರ ಪರಿಣಾಮವನ್ನು ಪಕ್ಷಗಳು ಇನ್ನೂ ಪೂರ್ತಿ ಅಳೆದಿಲ್ಲ. ರಾಮಲಿಂಗಾ ರೆಡ್ಡಿ, ವಿ. ಸೋಮಣ್ಣ ಇಬ್ಬರೂ ಬೆಂಗಳೂರು ಪಾಲಿಕೆಯಿಂದ ಮೇಲೆ ಬಂದವರು. 2023ರಲ್ಲಿ ಜಯನಗರವನ್ನು ಬರೀ 16 ಮತಗಳಿಂದ ಗೆದ್ದ ಸಿ.ಕೆ. ರಾಮಮೂರ್ತಿ ಕೂಡ ಮಾಜಿ ಕಾರ್ಪೊರೇಟರ್. ಬೂತಿನಲ್ಲಿ ಹತ್ತು ವರ್ಷ ದುಡಿದ ಕಾರ್ಯಕರ್ತನಿಗೆ ‘ಮುಂದಿನ ಸಲ ವಾರ್ಡ್ ನಿನಗೆ’ ಎನ್ನುವ ಭರವಸೆಯೇ ಪಕ್ಷದ ಕೆಳಹಂತವನ್ನು ಹಿಡಿದಿಡುವ ಶಕ್ತಿ. ಆ ಭರವಸೆ ಐದು ವರ್ಷ ಸುಳ್ಳಾದಾಗ ಅವನು ಒಂದೋ ಮನೆಗೆ ಹೋಗುತ್ತಾನೆ, ಇಲ್ಲವೇ ಶಾಸಕರ ಹುಟ್ಟುಹಬ್ಬದ ಫ್ಲೆಕ್ಸ್‌ನಲ್ಲಿ ಪುಟ್ಟ ಮುಖವಾಗಿ ಉಳಿಯುತ್ತಾನೆ.

ಮೈಸೂರು ಬೇರೆಯೇ ಪಾಠ ಹೇಳುತ್ತದೆ. 2018ರಲ್ಲಿ 65 ವಾರ್ಡ್‌ಗಳಲ್ಲಿ ಬಿಜೆಪಿ 22, ಕಾಂಗ್ರೆಸ್ 19, ಜೆಡಿಎಸ್ 18 ಗೆದ್ದವು. ಮೂರನೆಯ ಪಕ್ಷದ ಕೈಯಲ್ಲಿ ಬೀಗದ ಕೈ ಇತ್ತು. ಮೊದಲು ಕಾಂಗ್ರೆಸ್–ಜೆಡಿಎಸ್ ಕೂಡಿಕೆ. 2021ರ ಫೆಬ್ರುವರಿಯಲ್ಲಿ ಸ್ಥಳೀಯ ಕಾಂಗ್ರೆಸ್ಸಿಗರು ಜೆಡಿಎಸ್‌ನ ರುಕ್ಮಿಣಿ ಮಾದೇಗೌಡರನ್ನು ಮೇಯರ್ ಮಾಡಿದಾಗ ಪಕ್ಷದ ವರಿಷ್ಠರೇ ಸಿಟ್ಟಾದರು, ಶಾಸಕ ತನ್ವೀರ್ ಸೇಠ್ ಅವರಿಗೆ ನೋಟಿಸು ಹೋಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಬಿಜೆಪಿಯ ಸುನಂದಾ ಪಾಲನೇತ್ರ ಮೇಯರ್ ಆದರು, ಮೈಸೂರಿನಲ್ಲಿ ಆ ಪಕ್ಷಕ್ಕೆ ಅದೇ ಮೊದಲು. ಪಾಲಿಕೆಯ ಹೊಂದಾಣಿಕೆ ರಾಜ್ಯ ನಾಯಕರ ಮಾತು ಮೀರಿ ನಡೆದ ಅಪರೂಪದ ಪ್ರಸಂಗ ಆ ಫೆಬ್ರುವರಿಯದು.

ಸಭೆಯ ಕೈಯಲ್ಲಿ ಏನಿದೆ

ಕುರ್ಚಿಯ ಮಾತು ಇಷ್ಟಾಯಿತು. ಆ ಕುರ್ಚಿಯಲ್ಲಿ ಕೂತವರು ಏನನ್ನು ತೀರ್ಮಾನಿಸಬಲ್ಲರು? 2021ರಲ್ಲಿ ಒಟ್ಟಿಗೆ ಮತ ಹಾಕಿದ ಮೂರು ನಗರಗಳೇ, ಅಂದರೆ ಬೆಳಗಾವಿ, ಹುಬ್ಬಳ್ಳಿ–ಧಾರವಾಡ, ಕಲಬುರಗಿ, ವಿಶ್ವಬ್ಯಾಂಕ್ ನೆರವಿನ 24 ಗಂಟೆ ನೀರು ಯೋಜನೆಯ ನಗರಗಳೂ ಹೌದು. 2008ರ ಹೊತ್ತಿಗೆ ಕೆಲವು ವಾರ್ಡ್‌ಗಳಲ್ಲಿ ಪ್ರಯೋಗವಾಗಿ ನೀರು ಬಂತು. ಪೂರ್ತಿ ನಗರಕ್ಕೆ ವಿಸ್ತರಿಸುವ ಗುತ್ತಿಗೆ ಎಲ್ ಅಂಡ್ ಟಿ ಸಂಸ್ಥೆಗೆ ಹೋಯಿತು. ರಕ್ಕಸಕೊಪ್ಪ, ಹಿಡಕಲ್ ಜಲಾಶಯಗಳಿಂದ ಬರುವ ನೀರು ಯಾವ ಬಡಾವಣೆಗೆ ಎಷ್ಟು ದಿನಕ್ಕೊಮ್ಮೆ ಎಂಬುದು ಬೆಳಗಾವಿಯ ಪ್ರತಿ ಮನೆಯ ಪ್ರಶ್ನೆ. ನಗರಸೇವಕನ ಫೋನಿಗೆ ಬೇಸಿಗೆಯಲ್ಲಿ ಬರುವ ಕರೆಗಳಲ್ಲಿ ಹೆಚ್ಚಿನವು ಇದಕ್ಕೇ. ಆದರೆ ಯೋಜನೆಯ ಚುಕ್ಕಾಣಿ ಇರುವುದು ರಾಜ್ಯದ ಮೂಲಸೌಕರ್ಯ ಹಣಕಾಸು ನಿಗಮದಲ್ಲಿ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ ಬೆಳಗಾವಿ ಸೇರಿತು. ಆ ಹಣ ಖರ್ಚು ಮಾಡಿದ್ದು ಪ್ರತ್ಯೇಕ ಕಂಪನಿ. ಚುನಾಯಿತ ಸಭೆಯೇ ಇಲ್ಲದ 2019ರಿಂದ 2023ರ ಅವಧಿಯಲ್ಲಿ ರಸ್ತೆಗಳನ್ನು ಅಗೆದು ಹಾಕಿದಾಗ ಟಿಳಕವಾಡಿಯ ಅಂಗಡಿಕಾರ ಕೇಳುವುದಾದರೂ ಯಾರನ್ನು?

ದೊಡ್ಡದೆಲ್ಲ ಹೊರಗೆ ತೀರ್ಮಾನವಾದಾಗ ಒಳಗೆ ಉಳಿಯುವುದು ಸಣ್ಣದು. 2025ರ ಫೆಬ್ರುವರಿಯಲ್ಲಿ ಇಬ್ಬರು ಬಿಜೆಪಿ ಸದಸ್ಯರನ್ನು ಪ್ರಾದೇಶಿಕ ಆಯುಕ್ತರು ಅನರ್ಹಗೊಳಿಸಿದರು. ಟಿಳಕವಾಡಿಯ ‘ಖಾವು ಕಟ್ಟಾ’ ತಿಂಡಿ ಮಳಿಗೆಗಳನ್ನು ಕುಟುಂಬದವರ ಹೆಸರಿನಲ್ಲಿ ಪಡೆದಿದ್ದಾರೆ ಎಂಬುದು ದೂರು. ಆದೇಶಕ್ಕೆ ತಡೆ ಸಿಕ್ಕಿತು. ಮರುತಿಂಗಳು ಅವರಲ್ಲೊಬ್ಬರು ಮೇಯರ್ ಆದರು. ತಪ್ಪು ಯಾರದೆಂದು ಹೇಳುವುದು ಕಾನೂನಿನ ಕೆಲಸ. ನನಗೆ ಎದ್ದು ಕಂಡದ್ದು, ತಿಂಡಿ ಮಳಿಗೆಯ ಬಗ್ಗೆ ನಗರದಲ್ಲಿ ನಡೆದಷ್ಟು ಮಾತು ಪಾಲಿಕೆಯ ಬಜೆಟ್ ಬಗ್ಗೆ ನಡೆಯಲಿಲ್ಲ ಎಂಬುದು. ಮೇಯರ್ ಅವಧಿ ಒಂದೇ ವರ್ಷ, ಆಯುಕ್ತರು ಸರ್ಕಾರದ ಅಧಿಕಾರಿ. ಬಜೆಟ್ ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಮೇಯರ್ ಬದಲಾಗಿರುತ್ತಾರೆ.

ಹಾಗಿದ್ದೂ 2021ರ ಗೆಲುವಿನಿಂದ ಪಕ್ಷಗಳು ಗಟ್ಟಿಯಾದವೇ? 2023ರ ಮೇ ತಿಂಗಳ ವಿಧಾನಸಭಾ ಫಲಿತಾಂಶ ನೋಡಿದರೆ ಹೌದೆನ್ನಲಾಗದು. ಬಿಜೆಪಿ ಉತ್ತರದಲ್ಲಿ ಬೆನಕೆ ಅವರಿಗೆ ಟಿಕೆಟ್ ತಪ್ಪಿಸಿತು, ಕ್ಷೇತ್ರ ಕಾಂಗ್ರೆಸ್ಸಿನ ಆಸಿಫ್ ಸೇಠ್ ಪಾಲಾಯಿತು. ದಕ್ಷಿಣದಲ್ಲಿ ಅಭಯ ಪಾಟೀಲ ಗೆದ್ದರು, ಆದರೆ ಹಿಂದಿನ ಸಲ 58 ಸಾವಿರಕ್ಕೂ ಮಿಕ್ಕಿದ್ದ ಅಂತರ ಸುಮಾರು 12 ಸಾವಿರಕ್ಕೆ ಇಳಿಯಿತು. ಎರಡನೆಯ ಸ್ಥಾನಕ್ಕೆ ಬಂದವರು ಎಂಇಎಸ್ ಬೆಂಬಲದ ರಮಾಕಾಂತ ಕೊಂಡುಸ್ಕರ, ಅವರೂ ಹಿಂದುತ್ವ ಸಂಘಟನೆಯಲ್ಲಿ ಬೆಳೆದವರು. ಬಿಜೆಪಿ ಎಂಇಎಸ್‌ನಿಂದ ಏನನ್ನು ಎತ್ತಿಕೊಂಡಿತ್ತೋ ಅದನ್ನೇ ಎಂಇಎಸ್ ಮರಳಿ ಬಳಸಿತು. ಮರುವರ್ಷ ಲೋಕಸಭೆಗೆ ಬಿಜೆಪಿಯಿಂದ ಹುಬ್ಬಳ್ಳಿಯ ಜಗದೀಶ ಶೆಟ್ಟರ್ ನಿಂತಾಗ ಅದೇ ಮತದಾರ ಅವರನ್ನು ಭಾರಿ ಅಂತರದಿಂದ ಗೆಲ್ಲಿಸಿದ, ಎಂಇಎಸ್ ಲೆಕ್ಕಕ್ಕೇ ಬರಲಿಲ್ಲ. ಈ ಮತವನ್ನು ತನ್ನದೆಂದು ಯಾವ ಪಕ್ಷವೂ ಬರೆದಿಟ್ಟುಕೊಳ್ಳುವ ಹಾಗಿಲ್ಲ.

ಕಾಂಗ್ರೆಸ್ಸಿನ ಸ್ಥಿತಿ ಇನ್ನೂ ವಿಚಿತ್ರ. ಜಿಲ್ಲೆಯಲ್ಲಿ ಸತೀಶ ಜಾರಕಿಹೊಳಿ, ಲಕ್ಷ್ಮೀ ಹೆಬ್ಬಾಳಕರ ಇಬ್ಬರೂ ಮಂತ್ರಿಗಳು, ನಗರದ ಸಭಾಗೃಹದಲ್ಲಿ ಪಕ್ಷಕ್ಕೆ ಹತ್ತೇ ಜನ. ನಗರವನ್ನು ಮಂತ್ರಿಗಳ ಮೂಲಕ ನೋಡಿಕೊಂಡರಾಯಿತು ಎಂಬ ಧೋರಣೆ ಇರುವವರೆಗೆ ಆ ಹತ್ತು ಹೆಚ್ಚುವುದಿಲ್ಲ. ಕನ್ನಡ–ಉರ್ದು ಕೂಟದ ದಿನಗಳಲ್ಲಿ ಮುಸ್ಲಿಂ ಮತ್ತು ಕನ್ನಡಿಗ ಸದಸ್ಯರು ಒಂದೇ ಬೆಂಚಿನಲ್ಲಿ ಕೂತು ನಗರದ ರಾಜಕಾರಣ ಮಾಡುತ್ತಿದ್ದರು; ಚಿಹ್ನೆ ಬಂದ ಮೇಲೆ ಕನ್ನಡಿಗರಲ್ಲಿ ಬಹಳ ಮಂದಿ ಕಮಲದ ಕಡೆ, ಮುಸ್ಲಿಮರು ಕೈ ಕಡೆ ಹೋದರು. ಭಾಷೆಯ ಗೆರೆ ಮಸುಕಾದ ಜಾಗದಲ್ಲಿ ಧರ್ಮದ ಗೆರೆ ಢಾಳಾಗಿ ಬಿತ್ತು. ಭಾಷೆಯ ಜಗಳ ಮುಗಿಯಿತೆಂದು ಖುಷಿಪಡುವವರು ಈ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಹಳೆಯ ಕೂಟ ಅವಕಾಶವಾದದಿಂದಲೇ ಹುಟ್ಟಿದ್ದಿರಬಹುದು, ಆದರೂ ಅದು ಒಂದು ಕೂಡುಬಾಳ್ವೆಯ ಅಭ್ಯಾಸವಾಗಿತ್ತು. ಅದು ಹೋದದ್ದಕ್ಕೆ ನನಗೆ ನೋವಿದೆ.

ಈಗಿನ ಸಭೆಯ ಐದು ವರ್ಷ ಅದರ ಮೊದಲ ಸಭೆಯಿಂದ, ಅಂದರೆ 2023ರ ಫೆಬ್ರುವರಿಯಿಂದ, ಎಣಿಕೆಯಾಗುತ್ತದೆ. 2028ರ ಆರಂಭದಲ್ಲಿ ಅದು ಮುಗಿಯುತ್ತದೆ. ವಿಧಾನಸಭೆಯ ಅವಧಿ ಮುಗಿಯುವುದೂ ಅದೇ ವರ್ಷದ ಮೇ ತಿಂಗಳಲ್ಲಿ. ಎರಡೂ ಒಂದೇ ಬೇಸಿಗೆಯಲ್ಲಿ ಬೀಳುತ್ತವೆ. ಹಾಗಾದಾಗ ಪಾಲಿಕೆಯನ್ನು ಮುಂದಕ್ಕೆ ಹಾಕುವುದು ಎಲ್ಲ ಪಕ್ಷಗಳಿಗೂ ಸುಲಭದ ದಾರಿ, ಕಾರಣಕ್ಕೆ ವಾರ್ಡ್ ವಿಂಗಡಣೆ ಇದ್ದೇ ಇದೆ. ತಪ್ಪಿಸಬೇಕೆಂದರೆ ವಿಂಗಡಣೆ, ಸದಸ್ಯ ಸ್ಥಾನಗಳ ಮೀಸಲಾತಿ, ಮೇಯರ್ ಮೀಸಲಾತಿ ಪಟ್ಟಿ ಈ ಮೂರನ್ನೂ 2027ರ ಮಧ್ಯಭಾಗದೊಳಗೆ ಪ್ರಕಟಿಸಿ, ಕೋರ್ಟಿನ ತಕರಾರಿಗೂ ಸಮಯ ಬಿಟ್ಟು, ಆ ವರ್ಷದ ಕೊನೆಗೆ ಮತದಾನ ನಡೆಸಬೇಕು. ಬೆಳಗಾವಿಯ ಕನ್ನಡ ಸಂಘಟನೆಗಳೂ ಮರಾಠಿ ಮಂಡಳಗಳೂ ಒಟ್ಟಾಗಿ ಸರ್ಕಾರವನ್ನು ಕೇಳಬಹುದಾದ ಬೇಡಿಕೆ ಇದು. ಕೇಳಲು ಇನ್ನೂ ಕಾಲ ಮಿಂಚಿಲ್ಲ.